ಐದು ಲೀಟರಿನ ಕ್ಷಿಪಣಿ

ನಮ್ಮ ಮನೆಯವರು ಕುಕ್ಕರ್ ರಿಪೇರಿ ಮಾಡುತ್ತಿದ್ದರು. ಮೂವತ್ತೊಂದು ವರ್ಷ ಅದೊಂದೇ ಕೆಲಸ. ಒಂದು ಸಲ ಫ್ಯಾನಿಗೆ ಕೈ ಹಾಕಿದರು. ಅದು ಉಲ್ಟಾ ತಿರುಗಿತು. ಆಮೇಲೆ ಮುಟ್ಟಲಿಲ್ಲ.

ರಿಪೇರಿಯವರ ಸಂಘದ ಪುಸ್ತಕಕ್ಕೆ ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಅಂತ ಕಾರ್ಯದರ್ಶಿ ಕೇಳಿದರು. ಹೋದವರ ಬಗ್ಗೆ ಒಳ್ಳೆಯದನ್ನು ಬರೆಯಬೇಕಂತೆ. ಇವರ ಒಳ್ಳೆಯದು ಕೆಟ್ಟದು ಎರಡೂ ಒಂದೇ ಜಾಗದಲ್ಲಿತ್ತು. ಬಾಯಲ್ಲಿ. ಫೋನ್ ಬಂದ ಮೇಲೆ ಬಾಯಿಂದ ಬೆರಳಿಗೆ ಇಳಿಯಿತು. ಅದನ್ನೇ ಬರೆಯುತ್ತೇನೆ.

ನಮ್ಮದು ಒಂದು ಶಟರಿನ ಅಂಗಡಿ. ಹಿಂದೆ ಒಂದು ರೂಮು, ಒಂದು ಅಡುಗೆಮನೆ. ನಡುವೆ ಬಾಗಿಲಿಲ್ಲ, ಪರದೆ. ನಾನು ಏನು ಹುರಿಯುತ್ತಿದ್ದೇನೆ ಅಂತ ಗಿರಾಕಿಗೆ ಗೊತ್ತಾಗುತ್ತಿತ್ತು. ಅವರ ಕುಕ್ಕರಿನಲ್ಲಿ ನಿನ್ನೆ ಏನು ಸೀದಿದೆ ಅಂತ ನಮಗೆ ಗೊತ್ತಾಗುತ್ತಿತ್ತು. ಅಲ್ಲಿಗಲ್ಲಿಗೆ ಸರಿಹೋಯಿತು.

ಮೇಲಿನ ಮಹಡಿಯಲ್ಲಿ ಮಾಲೀಕರು. ಅಂಗಡಿಯೂ ಅವರದು, ಮನೆಯೂ ಅವರದು. ಅವರು ಹೋಗು ಅಂದರೆ ಎರಡೂ ಒಂದೇ ದಿನ ಹೋದಂತೆ. ಈ ಮಾತು ನೆನಪಿಟ್ಟುಕೊಂಡು ಮುಂದೆ ಓದಿ. ಇವರು ನೆನಪಿಟ್ಟುಕೊಳ್ಳಲಿಲ್ಲ.

ಮಾಲೀಕರಿಗೆ ಜನರಲ್ಲು ಅಂತ ಹೆಸರಿಟ್ಟವರು ಇವರೇ. ಸೈನ್ಯಕ್ಕೂ ಅವರಿಗೂ ಏನೂ ಸಂಬಂಧವಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಪೈಪು, ನಲ್ಲಿ, ವಾಲ್ವು ಎಣಿಸಿ ಎಣಿಸಿ ನಿವೃತ್ತರಾದವರು. ಎಣಿಸಲು ಏನೂ ಉಳಿಯದಿದ್ದಾಗ ಟೀವಿ ಮುಂದೆ ಕೂತರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಅವರ ಪಾಲಿಗೆ ಅದು ಎರಡನೇ ನೌಕರಿ.

ಗಡಿ ನಮ್ಮ ಬೀದಿಯಿಂದ ಎರಡು ದಿನದ ರೈಲು ದಾರಿ. ಟೀವಿಯಲ್ಲಿ ಮಾತ್ರ ಪಕ್ಕದ ರೂಮಿನಲ್ಲಿತ್ತು. ಜನರಲ್ಲು ಬೆಳಗ್ಗೆ ಆರಕ್ಕೆ ಟೀವಿ ಹಾಕುತ್ತಿದ್ದರು. ನಮ್ಮ ಚಾವಣಿ ನಡುಗುತ್ತಿತ್ತು. ಕಿಟಕಿ ಗಾಜಿಗೆಲ್ಲ ಕಂದು ಟೇಪು ಅಂಟಿಸಿದರು. ಮೂರು ಡ್ರಮ್ಮು ನೀರು ತುಂಬಿಸಿದರು. ಬೀದಿಯ ಫೋನ್ ಗ್ರೂಪಿನಲ್ಲಿ ಗಂಟೆಗೊಂದು ಕಳಿಸುತ್ತಿದ್ದರು. ಮೊದಲು ಆ ಗ್ರೂಪಿನಲ್ಲಿ ನೀರು ಎಷ್ಟೊತ್ತಿಗೆ ಬರುತ್ತದೆ, ಯಾರ ಬೆಕ್ಕು ಕಳೆದಿದೆ, ಇಷ್ಟೇ ಇರುತ್ತಿತ್ತು. ಈಗ ವಿಮಾನ, ಟ್ಯಾಂಕು, ಬೆಂಕಿ. ಕೆಳಗೆ ಮೂರು ಸಾಲು ಎಚ್ಚರಿಕೆ.

ಇವರಿಗೆ ಕೈ ಕಡಿಯತೊಡಗಿತು.

ದಿನಾ ಅಂಗಡಿ ತೆರೆಯುವ ಮೊದಲು ಗ್ರೂಪಿಗೆ ಒಂದು ಯುದ್ಧ ವಾರ್ತೆ ಬರೆಯಲು ಶುರು ಮಾಡಿದರು. ಬರೆದು ನನಗೆ ಓದಿ ಹೇಳುತ್ತಿದ್ದರು. ನಾನು ನಕ್ಕರೆ ಕಳಿಸುತ್ತಿದ್ದರು. ನಗದಿದ್ದರೂ ಕಳಿಸುತ್ತಿದ್ದರು. ಒಂದು ನನಗೆ ಬಾಯಿಪಾಠ ಆಗಿದೆ:

"ಯುದ್ಧ ವಾರ್ತೆ. ಇಂದು ಬೆಳಗ್ಗೆ ಏಳಕ್ಕೆ ಹಿಂದಿನ ಬೀದಿಯ ಬೆಕ್ಕು ನಮ್ಮ ಗಡಿ ದಾಟಿ ಅರ್ಧ ಲೀಟರ್ ಹಾಲನ್ನು ವಶಪಡಿಸಿಕೊಂಡಿದೆ. ನಮ್ಮ ಕಡೆಯಿಂದ ಒಂದು ಚಪ್ಪಲಿ ಪ್ರಯೋಗಿಸಲಾಯಿತು. ಗುರಿ ತಪ್ಪಿದೆ. ಚಪ್ಪಲಿ ಶತ್ರುಗಳ ಚಾವಣಿ ಮೇಲಿದೆ. ಮಾತುಕತೆ ನಡೆಯುತ್ತಿದೆ. ರಕ್ಷಣಾ ಸಚಿವೆಯವರು ಹಾಲಿಲ್ಲದ ಕಾಫಿ ಕೊಟ್ಟು ಪ್ರತಿಭಟಿಸಿದ್ದಾರೆ."

ರಕ್ಷಣಾ ಸಚಿವೆ ಅಂದರೆ ನಾನು. ಕೆಲವು ಸಲ ಸಚಿವೆ ಲಟ್ಟಣಿಗೆ ಎತ್ತಿದರು ಅಂತಲೂ ಬರೆಯುತ್ತಿದ್ದರು. ಸುಳ್ಳು. ನಮ್ಮ ಮನೆಯಲ್ಲಿ ಲಟ್ಟಣಿಗೆಯೇ ಇರಲಿಲ್ಲ.

ಬೀದಿಯವರು ನಗುತ್ತಿದ್ದರು. ಜನರಲ್ಲು ನಗಲಿಲ್ಲ. ಒಂದು ದಿನ ಕೆಳಗಿಳಿದು ಬಂದು ಶಟರಿನ ಹತ್ತಿರ ನಿಂತರು.

"ಏನಯ್ಯಾ, ಅಲ್ಲಿ ಜನ ಸಾಯ್ತಾ ಇದಾರೆ. ನಿನಗೆ ಹುಡುಗಾಟಾನಾ?"

"ಸಾಯೋರ ಬಗ್ಗೆ ನಾನು ಒಂದಕ್ಷರ ಬರೆದಿಲ್ಲ ಸಾರ್. ಸೋಫಾ ಮೇಲೆ ಕೂತು ಹೊಡಿ ಹೊಡಿ ಅನ್ನೋರ ಬಗ್ಗೆ ಬರೆದಿದ್ದು."

"ಸೋಫಾ ಮೇಲೆ ಯಾರಯ್ಯ ಕೂತಿರೋದು?"

ಇವರು ಮೇಲೆ ನೋಡಿದರು. ನಾನು ಪರದೆ ಹಿಂದಿನಿಂದ ಕೆಮ್ಮಿದೆ. ಇವರು ತಲೆ ತಗ್ಗಿಸಿದರು.

"ಇನ್ನೊಂದೇ ಒಂದು ಜೋಕು ಯುದ್ಧದ ಮೇಲೆ ಬಂದರೆ," ಅಂದರು ಜನರಲ್ಲು, "ಅಂಗಡಿ, ಮನೆ ಎರಡೂ ಖಾಲಿ ಮಾಡಬೇಕು. ನಾನು ಒಂದು ಮಾತು ಆಡಿದರೆ ಆಡಿದ ಹಾಗೆ."

ಅವರು ಹೋದ ಮೇಲೆ ನಾನು ಕೇಳಿದೆ, "ರೀ, ಈ ವಯಸ್ಸಿನಲ್ಲಿ ಬೆಂಚು, ಸ್ಟೌವು, ನೂರಾರು ಹಳೇ ಮುಚ್ಚಳ ಹೊತ್ತುಕೊಂಡು ಎಲ್ಲಿಗೆ ಹೋಗೋಣ?"

"ಗ್ರೂಪಿನಲ್ಲಿ ಇನ್ನು ಬರೆಯಲ್ಲ ಕಣೇ. ಆಣೆ."

ಐದು ದಿನ ತಡೆದರು. ಊಟ ಸರಿಯಾಗಿ ಮಾಡಲಿಲ್ಲ. ಟೀವಿಯಲ್ಲಿ ಏನಾದರೂ ಕೂಗಿದಾಗಲೆಲ್ಲ ತುಟಿ ಅಲ್ಲಾಡುತ್ತಿತ್ತು. ನನಗೆ ಪಾಪ ಅನ್ನಿಸಿತು. ಅದು ನನ್ನ ತಪ್ಪು.

ಆರನೇ ದಿನ ಮೇಲಿನ ಅಕ್ಕ ತಮ್ಮ ಕುಕ್ಕರ್ ಕೊಟ್ಟುಹೋದರು. ಅಕ್ಕ ಅಂದರೆ ಜನರಲ್ಲರ ಹೆಂಡತಿ. ಐದು ಲೀಟರಿನದು, ಹತ್ತೊಂಬತ್ತು ವರ್ಷದ್ದು. ಹಿಡಿ ಸುಟ್ಟು ಸೀಳಿತ್ತು. ಅದಕ್ಕೆ ಇವರೇ ಹಿಂದೊಮ್ಮೆ ತಾಮ್ರದ ತಂತಿ ಒತ್ತಾಗಿ ಸುತ್ತಿಕೊಟ್ಟಿದ್ದರು. ಈಗ ಕೂಗುತ್ತಿಲ್ಲ ಅಂತ ಬಂದಿತ್ತು. ಗ್ಯಾಸ್ಕೆಟ್ ಬದಲಾಯಿಸಿ, ಆವಿ ಹೋಗುವ ತೂತಿಗೆ ಸೂಜಿ ಹಾಕಿ, ಎರಡು ಲೋಟ ನೀರು ಹುಯ್ದು ಸ್ಟೌವಿನ ಮೇಲಿಟ್ಟು ಪರೀಕ್ಷೆ ಮಾಡಿದರು. ಪರೀಕ್ಷೆ ಅಂದರೆ ಕಣ್ಣು ಮುಚ್ಚಿ ಕೇಳುವುದು. ಮೂರು ವಿಷಲ್. ಮೂರನೆಯದಕ್ಕೆ ಆರಿಸುವುದು. ನಾಲ್ಕನೆಯದಕ್ಕೆ ಅವರು ಯಾವತ್ತೂ ಬಿಟ್ಟವರಲ್ಲ.

ಕುಕ್ಕರ್ ಆರಿದ ಮೇಲೆ ಅದನ್ನು ಬೆಂಚಿನ ಮೇಲೆ ಅಡ್ಡ ಮಲಗಿಸಿ ನೋಡುತ್ತಾ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ ಎಣ್ಣೆ ಹುಯ್ಯುವ ಆಲಿಕೆ ತಂದು ಮುಂದೆ ಇಟ್ಟರು. ಡಬ್ಬದ ತಗಡು ಕತ್ತರಿಸಿ ಹಿಂದೆ ಮೂರು ರೆಕ್ಕೆ ಸಿಕ್ಕಿಸಿದರು.

"ಇವಳೇ, ಸ್ವಲ್ಪ ಬಾ ಇಲ್ಲಿ. ಇದನ್ನ ಕೆಳಗಿಂದ ಎತ್ತಿ ಹಿಡಿ. ಇನ್ನೂ ಮೇಲೆ. ಹಿಂದೆ ಆಕಾಶ ಕಾಣಬೇಕು."

"ಬೇಗ ತೆಗೀರಿ, ಕೈ ನೋಯ್ತಿದೆ."

"ಶತ್ರು ಸೈನಿಕರು ಕೈ ನೋಯ್ತಿದೆ ಅನ್ನಲ್ಲ."

"ಆಣೆ ಮಾಡಿದ್ರಲ್ಲ?"

"ಬೀದಿ ಗ್ರೂಪಿಗೆ ಹಾಕಲ್ಲ ಅಂತ ಆಣೆ ಮಾಡಿದ್ದು. ಇದು ರಿಪೇರಿಯವರ ಗ್ರೂಪಿಗೆ."

ಹಾಕಿದರು. ಕೆಳಗೆ ಹೀಗೆ ಬರೆದರು: "ಶತ್ರುಗಳ ಹೊಸ ಕ್ಷಿಪಣಿ. ಮೂರು ವಿಷಲ್ ಆದ ಮೇಲೆ ಇಳಿಸಿ. ನಾಲ್ಕು ಜನಕ್ಕೆ ಸಾಕು." ಗ್ರೂಪಿನವರೆಲ್ಲ ಹಲ್ಲು ಕಿರಿದ ಮುಖ ಕಳಿಸಿದರು. ಇವರು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು. ಕುಕ್ಕರ್ ತೊಳೆದು ಮೇಲೆ ಕೊಟ್ಟು ಬಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ನಮಗೆ ಗೊತ್ತಿಲ್ಲದ್ದು ಒಂದಿತ್ತು. ಫೋಟೋ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಕೆಳಗಿನ ಬರಹ ಜೊತೆಗೆ ಹೋಗಲೇಬೇಕು ಅಂತೇನಿಲ್ಲ. ದಾರಿಯಲ್ಲಿ ಎಲ್ಲೋ ಉದುರಿಹೋಗುತ್ತದೆ. ಬೇರೆಯವರು ಬೇರೆ ಬರಹ ಅಂಟಿಸುತ್ತಾರೆ.

ಎರಡು ದಿನದ ಮೇಲೆ ಬೇರೆ ಊರಿನಲ್ಲಿರುವ ಮಗಳು ಫೋನ್ ಮಾಡಿದಳು.

"ಅಮ್ಮಾ, ನಮ್ಮತ್ತೆ ಅಳ್ತಾ ಕೂತಿದಾರೆ. ಅದ್ಯಾವುದೋ ಹೊಸ ಮಿಸೈಲ್ ಬಂದಿದೆಯಂತೆ. ಫೋಟೋ ನೋಡಿದೆ. ಅಮ್ಮಾ, ಮೂಲೇಲಿ ಕಾಣೋದು ನಮ್ಮ ಶಟರ್ ಅಲ್ವಾ?"

ನಾನು ಇವರ ಕಡೆ ನೋಡಿದೆ. ಇವರು ಒಂದು ಹಳೇ ವಾಲ್ವಿನೊಳಗೆ ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮೂರನೇ ದಿನ ಅದು ಬೀದಿ ಗ್ರೂಪಿಗೆ ಬಂತು. ಕಳಿಸಿದವರು ಜನರಲ್ಲು. "ಎಲ್ಲರೂ ಗಮನಿಸಿ. ಶತ್ರುಗಳ ಅತಿ ಭಯಂಕರ ಅಸ್ತ್ರ. ಎರಡು ಸಾವಿರ ಕಿಲೋಮೀಟರ್ ಹಾರುತ್ತದೆ. ನಮ್ಮ ಬೀದಿ ಅದರೊಳಗೆ ಬರುತ್ತದೆ. ಸಂಜೆ ಐದಕ್ಕೆ ಎಲ್ಲರೂ ಮೇಜಿನ ಕೆಳಗೆ ಕೂರುವ ಅಭ್ಯಾಸ ಮಾಡಬೇಕು." ಸಂಜೆ ಐದಕ್ಕೆ ತಾವೇ ಮನೆ ಮನೆಗೆ ಬಂದು ನೋಡಿದರು. ನಾನೂ ಇವರೂ ಬೆಂಚಿನ ಕೆಳಗೆ ಕೂತೆವು. ಯಾವ ಅಸ್ತ್ರವನ್ನು ನಾನೇ ಎತ್ತಿ ಹಿಡಿದಿದ್ದೆನೋ ಅದರಿಂದ ತಪ್ಪಿಸಿಕೊಳ್ಳಲು.

"ತಲೆ ಇನ್ನೂ ಬಗ್ಗಿಸಯ್ಯಾ," ಅಂದರು ಜನರಲ್ಲು.

"ಬಗ್ಗಿಸಿದೀನಿ ಸಾರ್." ಇವರ ಬೆನ್ನು ಕುಲುಕುತ್ತಿತ್ತು. ಹೆದರಿ ನಡುಗ್ತಿದಾನೆ ಅಂತ ಜನರಲ್ಲು ಭುಜ ತಟ್ಟಿ ಧೈರ್ಯ ಹೇಳಿದರು.

ನಾಲ್ಕನೇ ದಿನ ಟೀವಿಯಲ್ಲೇ ಬಂತು. ಕೋಟು ಹಾಕಿದ ಒಬ್ಬ ತಜ್ಞರು ಕೋಲು ಹಿಡಿದು ತೋರಿಸಿದರು. ಹಿಡಿಯ ತಾಮ್ರದ ತಂತಿಗೆ ಕೆಂಪು ಸುತ್ತು ಹಾಕಿ, ಇದು ಆಂಟೆನಾ, ಇದರಿಂದಲೇ ಗುರಿ ಹುಡುಕುತ್ತದೆ ಅಂದರು. ವಿಷಲ್ ಕೂರುವ ಜಾಗ ತೋರಿಸಿ ಇದು ಏನೆಂದು ಇನ್ನೂ ತಿಳಿದಿಲ್ಲ ಅಂದರು. ಆಮೇಲೆ ನನ್ನ ಹೆಬ್ಬೆರಳು ತೋರಿಸಿದರು.

"ಈ ಬೆರಳು ನೋಡಿ. ಕಪ್ಪಾಗಿದೆ. ಇದು ವರ್ಷಗಟ್ಟಲೆ ಮದ್ದುಗುಂಡಿನಲ್ಲಿ ಕೆಲಸ ಮಾಡಿದ ಕೈ. ತರಬೇತಾದ ಕೈ."

ಆ ಬೆರಳು ರಬ್ಬರು ಉಜ್ಜಿ ಕಪ್ಪಾದದ್ದು. ಗ್ಯಾಸ್ಕೆಟ್ಟು ಕತ್ತರಿಸುವುದು, ಮುಚ್ಚಳದ ಅಂಚು ಉಜ್ಜುವುದು ಎಲ್ಲ ನನ್ನ ಕೆಲಸವೇ. ಇಷ್ಟು ವರ್ಷ ಆ ಬೆರಳಿನ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ಅವತ್ತು ದೇಶವೇ ಆಡಿತು.

"ನೋಡಿದ್ಯಾ," ಅಂದರು ಇವರು, "ತರಬೇತಾದ ಕೈ ಅಂತೆ. ನಾನು ಹೇಳಿದರೆ ನಂಬ್ತಿರಲಿಲ್ಲ."

ನಾನು ಅವತ್ತಿಡೀ ಅವರ ಜೊತೆ ಮಾತಾಡಲಿಲ್ಲ.

ಮಧ್ಯಾಹ್ನ ಮೇಲಿನ ಅಕ್ಕ ಮೆಲ್ಲಗೆ ಪರದೆ ಸರಿಸಿ ಒಳಗೆ ಬಂದರು.

"ನನ್ನ ಕುಕ್ಕರ್ ಟೀವೀಲಿ ಬಂತಲ್ಲೇ."

"ಅಕ್ಕಾ, ತಪ್ಪಾಯ್ತು. ಅವರಿಗೆ ಗೊತ್ತಾಯ್ತಾ?"

"ಅವರಿಗಾ? ಹತ್ತೊಂಬತ್ತು ವರ್ಷ ಅದರ ಅನ್ನ ಉಂಡಿದಾರೆ, ಒಂದಿನ ಅದರ ಮುಖ ನೋಡಿಲ್ಲ. ಬೆಳಗ್ಗೆ ಟೀವೀಲಿ ಅದನ್ನೇ ತೋರಿಸ್ತಾ ಇದ್ದಾಗ ಒಳಗೆ ಅದು ಕೂಗ್ತಾ ಇತ್ತು. 'ಆ ವಿಷಲ್ ನಿಲ್ಲಿಸು, ಮಿಸೈಲ್ ವಿಷಯ ಕೇಳಿಸ್ತಿಲ್ಲ' ಅಂತ ನನಗೇ ಗದರಿದರು." ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು, "ಹೇಳಬೇಡ ಕಣೇ. ಗೊತ್ತಾದರೆ ನಿಮ್ಮನ್ನ ಇಲ್ಲಿ ಇರಿಸಲ್ಲ."

ಹೇಳಲಿಲ್ಲ. ಹೇಳುವವರು ಬೇರೆ ಬಂದರು.

ಮಾರನೇ ದಿನ ಹನ್ನೆರಡೂವರೆಗೆ ಒಬ್ಬ ಪೊಲೀಸ್ ಅಧಿಕಾರಿ, ಒಬ್ಬ ಪೇದೆ ಅಂಗಡಿ ಮುಂದೆ ಜೀಪಿನಿಂದ ಇಳಿದರು. ಫೋಟೋ ಯಾರು ಯಾರಿಗೆ ಕಳಿಸಿದರು ಅಂತ ಹಿಂದೆ ಹಿಂದೆ ಹೋಗಿ, ಕೊನೆಗೆ ಇವರ ಫೋನಿಗೆ ಬಂದು ನಿಂತಿದ್ದರು.

"ಈ ಫೋಟೋ ತೆಗೆದಿದ್ದು ನೀವಾ?"

"ಹೌದು ಸಾರ್."

"ಇದೇನು?"

"ಕುಕ್ಕರ್ ಸಾರ್."

"ನನಗೂ ಹಾಗೇ ಅನ್ನಿಸ್ತು," ಅಂದರು ಅಧಿಕಾರಿ. "ಬೆಳಗ್ಗೆಯಿಂದ ಮೂರು ಕಡೆ ಹೇಳಿದೆ. ಯಾರೂ ಕೇಳಲಿಲ್ಲ. ಎಷ್ಟು ದೂರ ಹಾರತ್ತೆ?"

"ಕೈ ತಪ್ಪಿದರೆ ಕಾಲ ಮೇಲೆ ಬೀಳತ್ತೆ ಸಾರ್. ಅಷ್ಟೇ."

ಅಧಿಕಾರಿ ನಗಲಿಲ್ಲ. "ಜನ ಊರು ಬಿಟ್ಟು ಹೋಗೋಕೆ ಗಂಟು ಕಟ್ತಿದಾರೆ. ನಗೋ ವಿಷಯ ಅಲ್ಲ ಇದು. ಎಲ್ಲಿದೆ ಆ ಕುಕ್ಕರ್? ಅದನ್ನ ನಾನು ಕಣ್ಣಾರೆ ನೋಡಬೇಕು. ಅದು ಯಾರದೋ ಅವರು ಇದು ನಮ್ಮದೇ ಕುಕ್ಕರ್ ಅಂತ ಬರೆದು ಸಹಿ ಹಾಕಬೇಕು. ಇಲ್ಲ ಅಂದರೆ ವಿಚಾರಣೆ ಮುಗಿಯೋವರೆಗೆ ಅಂಗಡಿಗೆ ಬೀಗ, ನೀವು ನನ್ನ ಜೊತೆ."

ಇವರ ಮುಖ ನೋಡಿದೆ. ಯಾವ ಜೋಕೂ ಬರಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು.

ಎಲ್ಲರೂ ಮೆಟ್ಟಿಲು ಹತ್ತಿದೆವು. ಜನರಲ್ಲು ಟೀವಿ ಮುಂದೆ ಇದ್ದರು. ಪೊಲೀಸರನ್ನು ನೋಡಿ ಎದ್ದು ನಿಂತರು.

"ಬನ್ನಿ ಬನ್ನಿ. ನಾನೇ ಫೋನ್ ಮಾಡಬೇಕು ಅಂತಿದ್ದೆ. ಆ ಕ್ಷಿಪಣಿ ವಿಚಾರ ತಾನೇ?"

"ಹೌದು."

"ಎಲ್ಲಿದೆ ಅಂತ ಗೊತ್ತಾಯ್ತಾ?"

"ನಿಮ್ಮ ಅಡುಗೆಮನೇಲಿ."

ಒಳಗೆ ಕುಕ್ಕರ್ ಕೂಗಿತು. ಎರಡನೇ ವಿಷಲ್.

ಅಕ್ಕ ಬಾಗಿಲಲ್ಲಿ ನಿಂತು ಅಧಿಕಾರಿಯನ್ನು ಒಳಗೆ ಬಿಡಲಿಲ್ಲ. "ಮೂರು ಆಗಬೇಕು. ಆಮೇಲೆ ಆವಿ ಹೋಗಬೇಕು. ಈಗ ಮುಟ್ಟಿದರೆ ಮುಖಕ್ಕೆ ಹೊಡೆಯತ್ತೆ. ಕೂತ್ಕೊಳಿ."

ಕೂತೆವು. ಮೂರನೇ ವಿಷಲ್ ಆಯಿತು. ಅಕ್ಕ ಬೆಂಕಿ ಆರಿಸಿ ಕುಕ್ಕರನ್ನು ತಂದು ಟೀವಿ ಮುಂದಿನ ಮೇಜಿನ ಮೇಲೆ, ಒಂದು ಹಳೇ ಬಟ್ಟೆಯ ಮೇಲೆ ಇಟ್ಟರು. ಹಿಂದೆ ಟೀವಿಯಲ್ಲಿ ಅದೇ ಕುಕ್ಕರು ಕೆಂಪು ಸುತ್ತಿನೊಳಗೆ ತಿರುಗುತ್ತಿತ್ತು. ಮುಂದೆ ಇದು ಆವಿ ಬಿಡುತ್ತಿತ್ತು. ಎಲ್ಲರೂ ಅದು ತಣ್ಣಗಾಗುವುದನ್ನು ನೋಡುತ್ತಾ ಕೂತೆವು. ಜನರಲ್ಲು ಒಂದು ಸಲ ಟೀವಿ ನೋಡಿದರು, ಒಂದು ಸಲ ಕುಕ್ಕರ್ ನೋಡಿದರು. ಹಿಡಿಯ ತಂತಿ ನೋಡಿದರು. ಟೀವಿಯ ತಂತಿ ನೋಡಿದರು. ಆಮೇಲೆ ನನ್ನ ಹೆಬ್ಬೆರಳು ನೋಡಿದರು. ನಾನು ಅದನ್ನು ಸೆರಗಿನಲ್ಲಿ ಮುಚ್ಚಿದೆ.

"ಇದು ನಮ್ಮನೇದಾ?" ಅಂತ ಹೆಂಡತಿಯನ್ನು ಕೇಳಿದರು.

"ಮತ್ತಿನ್ಯಾರದು?"

"ನನಗೆ ಹೇಗೆ ಗೊತ್ತಾಗಬೇಕು? ನಾನು ಯಾವಾಗ ನೋಡಿದೆ?"

"ಅದನ್ನೇ ನಾನೂ ಹೇಳೋದು."

ಅಧಿಕಾರಿ ಮುಚ್ಚಳ ತೆಗೆದರು. ಅನ್ನ. ಹದವಾಗಿ ಬೆಂದಿತ್ತು. ಪೇದೆ ಬಗ್ಗಿ ನೋಡಿ, "ಹೌದು ಸಾರ್, ಅನ್ನಾನೇ," ಅಂದ. ಅಧಿಕಾರಿ ಒಂದು ಬಿಳಿ ಹಾಳೆ ಜನರಲ್ಲರ ಮುಂದಿಟ್ಟರು.

ಅವರು ಬರೆಯಲಿಲ್ಲ. ಪೆನ್ನು ಹಿಡಿದು ಕೂತರು. ನನಗೆ ಅರ್ಥವಾಗುತ್ತಿತ್ತು. ಇಡೀ ಬೀದಿಯನ್ನು ಮೇಜಿನ ಕೆಳಗೆ ಕೂರಿಸಿದವರು. ಈಗ, ನಾನು ಹೆದರಿದ್ದು ನನ್ನ ಹೆಂಡತಿಯ ಕುಕ್ಕರಿಗೆ ಅಂತ ಸಹಿ ಹಾಕಬೇಕು. ಹಾಕದಿದ್ದರೆ ಅವರ ಮಾನ ಉಳಿಯುತ್ತದೆ. ಇವರು ಜೀಪು ಹತ್ತುತ್ತಾರೆ. ನಾನು ಅವರ ಕೈಯನ್ನೇ ನೋಡುತ್ತಿದ್ದೆ.

ಬಹಳ ಹೊತ್ತಾದ ಮೇಲೆ ಅವರು ಎದ್ದರು. ಒಂದು ಸ್ಕೇಲು ತಂದರು. ಹಾಳೆಯ ಮೇಲೆ ಗೆರೆ ಎಳೆದರು. ನಲವತ್ತು ವರ್ಷ ಸ್ಟೋರಿನಲ್ಲಿ ಬರೆದ ಹಾಗೆಯೇ ಬರೆದರು. ಬರೆದು ಗಟ್ಟಿಯಾಗಿ ಓದಿದರು:

"ವಸ್ತು: ಪ್ರೆಷರ್ ಕುಕ್ಕರ್. ಸಂಖ್ಯೆ: ಒಂದು. ಅಳತೆ: ಐದು ಲೀಟರ್. ಸ್ಥಿತಿ: ಹಳೆಯದು, ಬಳಕೆಗೆ ಯೋಗ್ಯ. ಷರಾ: ಖುದ್ದು ಪರಿಶೀಲಿಸಿದೆ. ಕ್ಷಿಪಣಿ ಅಲ್ಲ."

ಸಹಿ ಹಾಕಿದರು. ಕೆಳಗೆ ತಾರೀಖು.

ಅಧಿಕಾರಿ ಇವರಿಗೆ ಚೆನ್ನಾಗಿ ಬೈದು, ಇನ್ನೊಮ್ಮೆ ಹೀಗೆ ಮಾಡಲ್ಲ ಅಂತ ಬರೆಸಿಕೊಂಡು ಹೋದರು. ಪೇದೆ ಮೆಟ್ಟಿಲಲ್ಲಿ ಹಿಂದೆ ಉಳಿದು, "ನಮ್ಮನೇದು ಎರಡು ತಿಂಗಳಿಂದ ಕೂಗ್ತಿಲ್ಲ. ತಂದುಕೊಡ್ಲಾ?" ಅಂತ ಕೇಳಿದ.

ಜನರಲ್ಲು ಟೀವಿ ಆರಿಸಿದರು. ನಮ್ಮ ಕಡೆ ತಿರುಗಲಿಲ್ಲ.

"ತಿಂಗಳ ಕೊನೆಗೆ ಖಾಲಿ ಮಾಡಿ."

ಅಷ್ಟೇ.

ಇವರು ಮೂರು ಸಲ ಕ್ಷಮೆ ಕೇಳಲು ಮೇಲೆ ಹೋದರು. ಜನರಲ್ಲು ಬಾಗಿಲು ತೆರೆಯಲಿಲ್ಲ. ನಾನು ಪಾತ್ರೆಗಳನ್ನು ಡಬ್ಬಕ್ಕೆ ತುಂಬಿ ಹಗ್ಗ ಕಟ್ಟತೊಡಗಿದೆ. ಇವರು ಹಳೇ ಮುಚ್ಚಳಗಳನ್ನು ಗೋಣಿಗೆ ಹಾಕಿದರು. ಪ್ರತಿ ಮುಚ್ಚಳವನ್ನೂ ಒಮ್ಮೆ ನೋಡಿ ಹಾಕಿದರು. ಹಿಂದಿನ ಬೀದಿಯಲ್ಲಿ ಒಂದು ಶಟರ್ ಖಾಲಿ ಇತ್ತು, ಆದರೆ ಹಿಂದೆ ರೂಮಿಲ್ಲ. ಇನ್ನೊಂದು ಕಡೆ ರೂಮಿತ್ತು, ಸ್ಟೌವು ಉರಿಸುವ ಹಾಗಿಲ್ಲ. ಬೀದಿಯವರು ಇವರನ್ನು ಕಂಡರೆ ತಜ್ಞರೇ ಅಂತ ಕರೆಯುತ್ತಿದ್ದರು. ಇವರಿಗೆ ನಗು ಬರಲಿಲ್ಲ.

ಎಂಟು ದಿನ ಮೇಲಿನ ಮನೆಯಿಂದ ಟೀವಿ ಸದ್ದಿಲ್ಲ. ಚಾವಣಿ ಸುಮ್ಮನಿತ್ತು. ಒಂಬತ್ತನೇ ದಿನ ಬೆಳಗ್ಗೆ ಹತ್ತಕ್ಕೆ ಜನರಲ್ಲು ಇಳಿದು ಬಂದರು. ಬೀಗದ ಕೈ ಕೇಳಲು ಬಂದರು ಅಂದುಕೊಂಡೆ. ಅವರು ಫೋನು ಮುಂದೆ ಚಾಚಿದರು.

"ಇದು ನಿಜಾನಾ?"

ಯಾವುದೋ ಕಪ್ಪು ಯಂತ್ರ. ಶತ್ರುಗಳು ಮಣ್ಣಿನೊಳಗೆ ಬಚ್ಚಿಟ್ಟ ತೋಪು ಅಂತ ಬರೆದಿತ್ತು.

ಇವರು ಕನ್ನಡಕ ಏರಿಸಿ ನೋಡಿದರು. "ಗೊತ್ತಿಲ್ಲ ಸಾರ್. ಕುಕ್ಕರ್ ಆಗಿದ್ರೆ ಹೇಳ್ತಿದ್ದೆ. ಆದರೆ ಈ ಚಕ್ರ ನೋಡಿ, ಸುತ್ತ ಈ ಬೋಲ್ಟು ನೋಡಿ. ಇದು ನಿಮ್ಮ ಇಲಾಖೆ."

ಜನರಲ್ಲು ಫೋನನ್ನು ಕಣ್ಣಿನ ಹತ್ತಿರ ತಂದರು. ದೂರ ಹಿಡಿದರು. ಗಿರಾಕಿಯ ಸ್ಟೂಲಿನ ಮೇಲೆ ಕುಸಿದು ಕೂತರು.

"ನೀರಿನ ಪೈಪಿನ ವಾಲ್ವು. ಆರು ಇಂಚಿನದು. ನಲವತ್ತು ವರ್ಷ ಎಣಿಸಿದೀನಿ ಕಣಯ್ಯಾ. ಬೆಳಗ್ಗೆಯಿಂದ ನೋಡ್ತಾ ಇದೀನಿ, ಗೊತ್ತಾಗಲಿಲ್ಲ. ಹೆದರಿ ತಿಂಡಿ ತಿಂದಿಲ್ಲ."

"ಇವಳೇ," ಅಂದರು ನಮ್ಮವರು, "ಸಾರಿಗೆ ಕಾಫಿ ಮಾಡು."

"ಪಾತ್ರೆ ಎಲ್ಲ ಕಟ್ಟಿಟ್ಟಿದೀನಿ," ಅಂದೆ. ಬೇಕಂತಲೇ ಅಂದೆ.

ಜನರಲ್ಲು ಮೂಲೆಯ ಡಬ್ಬಗಳನ್ನು ನೋಡಿದರು. ಗೋಣಿ ನೋಡಿದರು. "ಒಂದು ಪಾತ್ರೆ ಬಿಚ್ಚಮ್ಮ," ಅಂದರು.

ಬಿಚ್ಚಿದೆ. ಮಾರನೇ ದಿನವೂ ಬಂದರು. ಇನ್ನೊಂದು ಬಿಚ್ಚಿದೆ. ತಿಂಗಳ ಕೊನೆ ಬಂತು, ಹೋಯಿತು. ಖಾಲಿ ಮಾಡುವ ಮಾತು ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಪಾತ್ರೆ ಎಲ್ಲ ಗೂಡಿಗೆ ವಾಪಸ್ ಬಂದಿದ್ದವು.

ಹಾಗೆ ಎರಡು ವರ್ಷ ನಡೆಯಿತು. ಜನರಲ್ಲು ಹತ್ತಕ್ಕೆ ಇಳಿದು ಬರುವುದು, ಸ್ಟೂಲಿನ ಮೇಲೆ ಕೂರುವುದು, ಇಬ್ಬರೂ ತಲೆಗೆ ತಲೆ ತಾಗಿಸಿ ಫೋನ್ ನೋಡುವುದು. ಹೆಚ್ಚಿನವು ಹಳೇ ಬೆಂಕಿ, ಬೇರೆ ಊರಿನ ಹೊಗೆ, ಆಟದ ಸಾಮಾನು. ಕೆಲವು ನಿಜ ಇರುತ್ತಿದ್ದವು. ಒಂದು ದಿನ ಒಂದು ಅಡುಗೆಮನೆ ಬಂತು. ಗೋಡೆ ಇಲ್ಲ, ಚಾವಣಿ ಇಲ್ಲ. ಒಲೆ ಮೇಲೆ ಕುಕ್ಕರ್ ಹಾಗೇ ಇತ್ತು, ಮುಚ್ಚಳ ಪಕ್ಕದಲ್ಲಿ.

"ಇದು ಸುಳ್ಳು ತಾನೇ?" ಅಂದರು ಜನರಲ್ಲು.

ಇವರು ಫೋಟೋ ದೊಡ್ಡದು ಮಾಡಿ ನೋಡಿದರು. "ನಿಜ ಸಾರ್. ಗ್ಯಾಸ್ಕೆಟ್ ಹೊಸದು. ಮೊನ್ನೆ ಮೊನ್ನೆ ಹಾಕಿಸಿದಾರೆ."

ಅವತ್ತು ಇಬ್ಬರೂ ಕಾಫಿ ಕುಡಿಯಲಿಲ್ಲ. ಯುದ್ಧ ವಾರ್ತೆಯೂ ಇರಲಿಲ್ಲ.

ಯುದ್ಧ ವಾರ್ತೆ ಮತ್ತೆ ಶುರುವಾಗಿತ್ತು, ಹೇಳಲಿಲ್ಲ ಅಲ್ಲವೇ. ಜನರಲ್ಲೇ ಕೇಳಿದ್ದು. "ಏನಾದರೂ ಬರಿಯಯ್ಯಾ, ಗ್ರೂಪಲ್ಲಿ ಬರೀ ಬೆಕ್ಕು ಕಳೆದ ಸುದ್ದಿನೇ ಬರ್ತಿದೆ," ಅಂದರು.

ಕಳೆದ ವರ್ಷ ಒಂದು ಬೆಳಗ್ಗೆ ಒಂಬತ್ತೂವರೆಗೆ ಇವರು ಪರೀಕ್ಷೆಗೆ ಒಂದು ಕುಕ್ಕರ್ ಇಟ್ಟಿದ್ದರು. ನಾನು ಪರದೆ ಹಿಂದೆ ತರಕಾರಿ ಹೆಚ್ಚುತ್ತಿದ್ದೆ. ಮೂರನೇ ವಿಷಲ್ ಆಯಿತು. ನಾಲ್ಕನೆಯದಾಯಿತು. ಚಾಕು ಕೆಳಗಿಟ್ಟೆ. ಐದನೆಯದಕ್ಕೆ ಪರದೆ ಸರ್ರನೆ ಎಳೆದೆ. ಬೆಂಚಿಗೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿತ್ತು, ಕೇಳುವಾಗ ಮುಚ್ಚುವ ಹಾಗೆ. ನಾನು ಮೊದಲು ಸ್ಟೌವು ಆರಿಸಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ.

ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯುವುದಿಲ್ಲ.

ಶಟರ್ ಎಳೆದೆ. ಐದು ವಾರ ಎಳೆದೇ ಇತ್ತು. ಮಗಳು ಬಾ ಅಂದಳು. ಅಂಗಡಿ ನಡೆಯದಿದ್ದರೆ ಮಾಲೀಕರಾದರೂ ಎಷ್ಟು ದಿನ ಸುಮ್ಮನಿರುತ್ತಾರೆ? ಬೆಳಗ್ಗೆ ಹತ್ತಕ್ಕೆ ಜನರಲ್ಲರ ಹೆಜ್ಜೆ ಮೆಟ್ಟಿಲ ತನಕ ಬರುವುದು ಕೇಳಿಸುತ್ತಿತ್ತು. ಆಮೇಲೆ ವಾಪಸ್ ಹೋಗುತ್ತಿತ್ತು. ಒಂದು ದಿನ ವಾಪಸ್ ಹೋಗಲಿಲ್ಲ. ಹಿಂಬಾಗಿಲು ತಟ್ಟಿದರು. ಅವರು ಹೇಳುವ ಮೊದಲೇ ನಾನೇ ಹೇಳಿಬಿಡೋಣ ಅಂತ ಬಾಗಿಲು ತೆಗೆದೆ.

"ಸಾರ್, ತಿಂಗಳ ಕೊನೆಗೆ ಖಾಲಿ ಮಾಡ್ತೀನಿ."

ಅವರು ಬಗಲಲ್ಲಿ ಏನೋ ಹಿಡಿದುಕೊಂಡಿದ್ದರು. ಇನ್ನೊಂದು ಕೈಯಲ್ಲಿ ಫೋನು.

"ಮೊದಲು ಇದು ನೋಡಮ್ಮ. ಐದು ವಾರದಿಂದ ತೋರಿಸೋಕೆ ಯಾರೂ ಇಲ್ಲ. ಬಂದಿದ್ದೆಲ್ಲ ನಂಬ್ತಾ ಇದೀನಿ. ನಿನ್ನೆಯಿಂದ ಮತ್ತೆ ಡ್ರಮ್ಮು ತುಂಬಿಸಿಟ್ಟಿದೀನಿ."

ಇವರ ಕನ್ನಡಕ ಹಾಕಿಕೊಂಡು ನೋಡಿದೆ. ಶತ್ರುಗಳ ಹಾರುವ ಬಾಂಬು ಅಂತ ಬರೆದಿತ್ತು.

"ಮಿಕ್ಸಿ ಜಾರಿನ ತಳ ಸಾರ್. ಬ್ಲೇಡು ಮೇಲೆ ಮಾಡಿ ಇಟ್ಟಿದಾರೆ."

"ಸರಿಯಾಗಿ ನೋಡಿದ್ಯಾ?"

"ದಿನಾ ತೊಳೀತೀನಿ."

ಜನರಲ್ಲು ಉಸಿರು ಬಿಟ್ಟರು. ಬಗಲಲ್ಲಿದ್ದದ್ದನ್ನು ನನ್ನ ಕೈಗೆ ಕೊಟ್ಟರು. ಐದು ಲೀಟರಿನ ಕುಕ್ಕರ್.

"ಮತ್ತೆ ಕೂಗ್ತಿಲ್ಲ. ನಾನೇ ಗೂಡಿಂದ ಇಳಿಸಿಕೊಂಡು ಬಂದೆ. ಎರಡಿತ್ತು. ಹಿಡಿಗೆ ತಂತಿ ಸುತ್ತಿರೋದೇ ಅದು ಅಂತ ನೋಡಿ ತಂದೆ." ಫೋನು ಜೇಬಿಗಿಟ್ಟು ಹೇಳಿದರು, "ಖಾಲಿ ಮಾಡೋ ಮಾತು ಇನ್ನೊಂದು ಸಲ ಆಡಬೇಡ. ಶಟರ್ ಎತ್ತು. ಬಿಗಿದುಕೊಂಡಿರತ್ತೆ, ನಾನೂ ಹಿಡೀತೀನಿ."

ಇಬ್ಬರೂ ಎತ್ತಿದೆವು. ಅವರು ಸ್ಟೂಲು ಒರೆಸಿಕೊಂಡು ಕೂತರು. ನಾನು ತೂತಿಗೆ ಸೂಜಿ ಹಾಕಿದೆ, ಗ್ಯಾಸ್ಕೆಟ್ ಬದಲಾಯಿಸಿದೆ, ಎರಡು ಲೋಟ ನೀರು ಹುಯ್ದು ಇಟ್ಟೆ. ಕಣ್ಣು ಮುಚ್ಚಲಿಲ್ಲ. ಮೂರನೆಯದಕ್ಕೆ ಆರಿಸಿದೆ.

ಆಮೇಲೆ ಇವರ ಫೋನ್ ತೆಗೆದು ಬೀದಿ ಗ್ರೂಪಿಗೆ ಬರೆದೆ. ನನಗೆ ಒಂದೊಂದೇ ಅಕ್ಷರ ಒತ್ತಬೇಕು. ಕಾಲು ಗಂಟೆ ಹಿಡಿಯಿತು.

"ಯುದ್ಧ ವಾರ್ತೆ. ಅಂಗಡಿ ತೆರೆದಿದೆ. ಕ್ಷಿಪಣಿ ಒಂದು ರಿಪೇರಿ ಆಗಿದೆ. ಬೆರಳು ಅದೇ."

ಜನರಲ್ಲು ಸ್ಟೂಲಿನ ಮೇಲೆ ಕೂತೇ ಉತ್ತರ ಬರೆದರು. ಬರೆಯುವಾಗ ತುಟಿ ಅಲ್ಲಾಡಿತು. ನನ್ನ ಕೈಯಲ್ಲಿದ್ದ ಫೋನು ಸದ್ದು ಮಾಡಿತು.

"ಷರಾ: ಖುದ್ದು ಪರಿಶೀಲಿಸಿದೆ. ನಿಜ."